ಕಳ್ಳಿಯ ಉಣ್ಣೆ ಕತ್ತರಿಸಿದವನ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುರಿ ಕತ್ತರಿ ಹಿಡಿದು ಕಳ್ಳಿ ಗಿಡದ ಉಣ್ಣೆ ಕತ್ತರಿಸಿದ ಮನುಷ್ಯ ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನಾನು. ಅದೂ ಬೇಲಿಯ ಮೇಲಿನ ಬಡ ಕಳ್ಳಿಯಲ್ಲ. ಮೈತುಂಬ ಬಿಳಿ ಉಣ್ಣೆ ಹೊದ್ದು, ಕಂಬದ ಹಾಗೆ ನೆಟ್ಟಗೆ ಬೆಳೆದು, ತುದಿಯಲ್ಲಿ ಮಾತ್ರ ಹುಂಜದ ಜುಟ್ಟಿನಂತೆ ಅಗಲವಾಗಿ, ಮಡಿಕೆ ಮಡಿಕೆಯಾಗಿ ಅರಳಿದ ಕಳ್ಳಿ. ಎಲ್ಲೋ ಅಪರೂಪಕ್ಕೆ ಒಂದು ಗಿಡ ಹಾಗಾಗುತ್ತದೆ. ಅದನ್ನು ನೋಡಲೆಂದೇ ಬೆಂಗಳೂರಿನಿಂದ ದೊಡ್ಡ ಸಾಹೇಬರು ಹೊರಟಿದ್ದರು. ಅವರು ಬರುವ ಹಿಂದಿನ ದಿನ ನಾನು ಅದನ್ನು ಬೋಳು ಮಾಡಿದೆ. ಕುಡಿದಿರಲಿಲ್ಲ. ಯಾರ ಮೇಲೂ ಸಿಟ್ಟಿರಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಕಂಡಂತೆ ಗಿಡಗಳು ಹೆಚ್ಚಾಗಿ ಸಾಯುವುದು ಇಂಥ ಒಳ್ಳೆಯತನದಿಂದಲೇ.

ನರ್ಸರಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಕೆಲವೊಮ್ಮೆ ನನ್ನ ಕಟ್ಟೆಗೆ ಬಂದು ಕೂರುತ್ತಾರೆ. ಬಡ್ತಿ ಯಾವಾಗ ಆಯಿತು, ವರ್ಗ ಎಲ್ಲಿಗಾಯಿತು ಎಂದು ಕೇಳುತ್ತಾರೆ. ಅದನ್ನೆಲ್ಲ ಹೇಳಹೊರಟರೆ ನನಗೇ ಆಕಳಿಕೆ ಬರುತ್ತದೆ. ಕೆಲಸ ಎಂದರೆ ನಾವು ಕೆಡಿಸಿದ್ದು, ಯಾರೋ ಸರಿ ಮಾಡಿದ್ದು, ಸಾಹೇಬರು ತಾವೇ ಮಾಡಿದ್ದು ಎಂದು ಬರೆದುಕೊಂಡದ್ದು. ಹಾಗಾಗಿ ಕೆಡಿಸಿದ್ದರಿಂದಲೇ ಶುರು ಮಾಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬಾಗಲಕೋಟೆ ಆಗಿನ್ನೂ ಜಿಲ್ಲೆ ಆಗಿರಲಿಲ್ಲ. ಬಾದಾಮಿಗೂ ಕೆರೂರಿಗೂ ನಡುವೆ ಒಂದು ಸಣ್ಣ ಸರ್ಕಾರಿ ಸಸಿತೋಟವಿತ್ತು. ಅಲ್ಲಿ ನಾನು ದಿನಗೂಲಿ ಮಾಲಿಯಾಗಿ ಸೇರಿದೆ. ನಮ್ಮದು ಕುರಿ ಕಾಯುವ ಮನೆತನ, ಬೀರಪ್ಪ ದೇವರ ಒಕ್ಕಲು. ಅಪ್ಪನಿಗೆ ನಾನು ಕುರಿಯ ಹಿಂದೆ ಹೋಗುವುದು ಬೇಡವಾಗಿತ್ತು. ಕುರಿಗಳಿಗೂ ಬೇಡವಾಗಿತ್ತು; ನಾನು ಟಗರಿನ ದನಿ ತೆಗೆದು ಕೂಗುತ್ತಿದ್ದೆ, ಅರ್ಧ ಹಿಂಡು ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ ಓಡುತ್ತಿತ್ತು. ಕಂಡವರ ದನಿಯನ್ನೆಲ್ಲ ತೆಗೆಯುವುದು ನನ್ನ ಹುಟ್ಟು ಚಟ.

ತೋಟದಲ್ಲಿ ಮುಖ್ಯವಾಗಿ ಇಬ್ಬರು. ಒಬ್ಬರು ಪಾಟೀಲ ಸಾಹೇಬರು, ತೋಟದ ಅಧಿಕಾರಿ. ಮೂಗಿನಲ್ಲಿ ಮಾತಾಡುತ್ತಿದ್ದರು. ಏನು ಕೇಳಿದರೂ 'ನೋಡೋಣು' ಎನ್ನುತ್ತಿದ್ದರು. ಊಟಕ್ಕೆ ಏಳುತ್ತೀರಾ ಎಂದರೂ 'ನೋಡೋಣು'. ಇನ್ನೊಬ್ಬರು ಹುಸೇನಸಾಬ ಕಾಕಾ, ಹಿರಿಯ ಮಾಲಿ. ಹೆಸರಿಗೆ ಹಿರಿಯ, ಕಾಗದದಲ್ಲಿ ನನ್ನ ಹಾಗೆಯೇ ದಿನಗೂಲಿ. ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಅವರು ಅಲ್ಲಿ ಸಸಿ ಬೆಳೆಸುತ್ತಿದ್ದರು. ಓದು ಬರಹ ಇಲ್ಲ. ಆದರೆ ಬಾಡಿದ ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಇದಕ್ಕೆ ನೀರು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಹೇಳುತ್ತಿದ್ದರು.

ಸೇರಿದ ತಿಂಗಳಲ್ಲೇ ನಾನು ನನ್ನ ವಿದ್ಯೆ ತೋರಿಸಿದೆ. ದಾಸವಾಳದ ಬೇಲಿಯ ಹಿಂದೆ ನಿಂತು ಸಾಹೇಬರ ಮೂಗಿನಲ್ಲಿ, 'ಹುಸೇನಾ, ಪಂಪ್ ಬಂದ್ ಮಾಡು' ಎಂದೆ. ಕಾಕಾ ಬಂದ್ ಮಾಡಿದರು. ಸಾಹೇಬರು ಅವತ್ತು ಬಾಗಲಕೋಟೆಗೆ ಹೋಗಿದ್ದಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಇದು ಚೇಷ್ಟೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಸಂಜೆ ಹೊತ್ತಿಗೆ ಪಪ್ಪಾಯಿ ಸಸಿಗಳೆಲ್ಲ ಸಾವಿನ ಮನೆಯಲ್ಲಿ ಕೂತವರ ಹಾಗೆ ತಲೆ ತಗ್ಗಿಸಿದ್ದವು. ನಿಜ ಹೊರಬಿದ್ದಾಗ ಕಾಕಾ ಬೈಯಲಿಲ್ಲ. ಒಂದು ತಂಬಿಗೆ ತಂದು ಕೈಗೆ ಕೊಟ್ಟರು.

'ಮಾಳ್ಯಾ, ಸಾಹೇಬ್ರ ದನಿ ನಿನಗ ಬರ್ತೈತಿ, ಸಾಹೇಬ್ರ ಪಗಾರ ಬರಂಗಿಲ್ಲ. ಹ್ಞೂಂ, ಒಂದೊಂದು ಸಸಿಗೂ ಒಂದೊಂದು ತಂಬಿಗಿ. ನಡಿ.'

ಆಗ ಸಸಿಗಳಿಗೆ ಈಗಿನ ಕಪ್ಪು ಪ್ಲಾಸ್ಟಿಕ್ ಚೀಲ ಇರಲಿಲ್ಲ. ಡಾಲ್ಡಾ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆಯುವುದೇ ಹೊಸಬರ ಮೊದಲ ಪಾಠ. ಕಸಿ ಕಟ್ಟಲು ಸೈಕಲ್ ಟ್ಯೂಬಿನ ಪಟ್ಟಿ. ಆಮೇಲೆ ಚೀಲ ಬಂತು, ಕಸಿಗೆ ಬೇರೆ ಪಟ್ಟಿ ಬಂತು, ಗಿಡಕ್ಕೆ ಅಂಟಿಸುವ ಚೀಟಿ ಬಂತು. ಈಗಿನವರು ಫೋನಿನಲ್ಲಿ ಫೋಟೋ ಹೊಡೆದು ಗಿಡದ ಹೆಸರು ಕಂಡುಹಿಡಿಯುತ್ತಾರೆ. ಒಳ್ಳೆಯದೇ. ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ಗಿಡ ಬದುಕುವುದಿಲ್ಲ, ಮಕ್ಕಳೇ.

ಆ ಕಳ್ಳಿ ನಮ್ಮ ಕೈಗೆ ಬಂದದ್ದು ಇಳಕಲ್ಲಿನಿಂದ. ಅಲ್ಲಿನ ಕಲ್ಲಿನ ವ್ಯಾಪಾರಿಯೊಬ್ಬರು ಮನೆಯ ಮುಂದೆ ಪಾಲಿಶ್ ಕಲ್ಲಿನ ಕಟ್ಟೆ ಕಟ್ಟಿಸಿ, ಮದ್ರಾಸಿನಿಂದ ಒಂದು ಉಣ್ಣೆ ಕಳ್ಳಿ ತರಿಸಿ ನಿಲ್ಲಿಸಿದ್ದರು. ಮನೆಯವರು ಭಕ್ತಿವಂತರು, ತುಳಸಿಗೆ ಹಾಕಿ ಉಳಿದ ನೀರನ್ನು ದಿನಾ ಬೆಳಿಗ್ಗೆ ಅದಕ್ಕೂ ಹಾಕಿದರು. ಬುಡ ಕೊಳೆಯಿತು. 'ಇದನ್ನ ಒಯ್ಯಿರಿ, ಬ್ಯಾರೆ ಏನಾರ ಹೂವಿನ ಗಿಡಾ ಹಚ್ಚಿರಿ' ಎಂದು ಹೇಳಿಕಳಿಸಿದರು. ಕಾಕಾ, ನಾನು ಹೋದೆವು. ಕಾಕಾ ಕೊಳೆತದ್ದನ್ನು ಕೊಯ್ಯುತ್ತಾ ಹೋಗಿ, ಒಳಗಿನ ತಿರುಳು ಬೆಳ್ಳಗೆ ಸ್ವಚ್ಛವಾಗಿ ಕಂಡಲ್ಲಿ ನಿಲ್ಲಿಸಿದರು. ಉಳಿದದ್ದು ಮೇಲಿನ ಅರ್ಧ. ಗೋಣಿಯಲ್ಲಿ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ಹಿಂದಿನಿಂದ ನೋಡಿದರೆ ನೆರೆತ ತಲೆಯ ಮುದುಕನೊಬ್ಬ ಕಾಕಾನ ಎದೆಗೆ ಒರಗಿ ಮಲಗಿದಂತಿತ್ತು.

ಕಂಡಕ್ಟರ್ ಬಂದು, 'ಸಾಬ್ರ, ಹಿರ್ಯಾರಿಗೆ ಆರಾಮಿಲ್ಲೇನ್ರಿ? ದವಾಖಾನಿಗೆ ಹೊಂಟೀರೇನು?' ಎಂದ.

ನನಗೆ ಅಷ್ಟು ಸಾಕಾಯಿತು. ನಡುಗುವ ಮುದಿ ದನಿ ತೆಗೆದು, 'ತಮ್ಮಾ, ನನಗ ಅರ್ಧಾ ಟಿಕೆಟ್ ಕೊಡಪಾ. ಇನ್ನರ್ಧಾ ಇಳಕಲ್ಲಾಗ ಉಳದೈತಿ' ಎಂದೆ.

ಕಂಡಕ್ಟರ್ ಪಾಪ ಅಯ್ಯೋ ಎಂದು ಮುದುಕನ ತಲೆ ಸವರಿದ. ಉಣ್ಣೆ ಮೆತ್ತಗಿರುತ್ತದೆ, ಒಳಗೆ ಸೂಜಿಯಂಥ ಮುಳ್ಳು ಇರುತ್ತವೆ. ಹುನಗುಂದ ಬರುವವರೆಗೂ ಅವನು ಬಾಯಲ್ಲಿ ಬೆರಳಿಟ್ಟುಕೊಂಡೇ ಇದ್ದ, ಸೀಟಿ ಊದಲಿಲ್ಲ. ಇಳಿಯಬೇಕಾದವರು ಬಸ್ಸಿನ ಬದಿ ಬಡಿದು ಬಡಿದು ಇಳಿದರು.

ಕಾಕಾ ಆ ಅರ್ಧವನ್ನು ನೆರಳಲ್ಲಿ ಒಣಗಿಸಿ, ಕೊಯ್ದ ಮುಖ ಗಟ್ಟಿಯಾದ ಮೇಲೆ ಮರಳಿನಲ್ಲಿ ನಿಲ್ಲಿಸಿದರು. ಜೊತೆಗೆ ಕೊಯ್ದ ಒಂದು ಸಣ್ಣ ತುಂಡನ್ನು ನನಗೆ ಕೊಟ್ಟು, ಕಸಿ ಕಟ್ಟು ಎಂದರು. ನಾನು ಬುದ್ಧಿವಂತ, ಬೇಲಿಯಲ್ಲಿ ಪುಕ್ಕಟೆ ನಿಂತಿದ್ದ ಹಾಲುಗಳ್ಳಿಗೆ ಕಟ್ಟಿದೆ. ಅದೂ ಕಳ್ಳಿ, ಇದೂ ಕಳ್ಳಿ. ನಾಲ್ಕೇ ದಿನದಲ್ಲಿ ತುಂಡು ಕರ್ರಗಾಯಿತು. ಕಾಕಾ ನೋಡಿ, 'ಕುರಿಮರಿ ಒಯ್ದು ಎಮ್ಮಿ ಮಲಿಗೆ ಹಚ್ಚಿದ್ಯಲ್ಲಲೇ. ಹಾಲು ಬರೂ ಕಳ್ಳಿ ಕುಲಾನ ಬ್ಯಾರೆ, ಇದರ ಕುಲಾನ ಬ್ಯಾರೆ' ಎಂದರು. ಇದನ್ನು ನೀವೂ ನೆನಪಿಡಿ. ಮುಳ್ಳು ನೋಡಿ ಬೀಗತನ ಮಾಡಬಾರದು.

ಅಜ್ಜ (ಎಲ್ಲರೂ ಆ ಗಿಡಕ್ಕೆ ಹಾಗೇ ಅನ್ನತೊಡಗಿದ್ದರು) ಬೇರು ಬಿಟ್ಟ. ವರ್ಷಕ್ಕೆ ಒಂದು ಗೇಣೂ ಬೆಳೆಯುತ್ತಿರಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಅವನ ನೆತ್ತಿ ಚಪ್ಪಟೆಯಾಯಿತು. ಮೇಲಕ್ಕೆ ಹೋಗುವ ಬದಲು ಅಡ್ಡಡ್ಡ ಬೆಳೆದ. ಮೊದಲು ಬೀಸಣಿಕೆಯಂತೆ, ಆಮೇಲೆ ಸುರುಳಿ ಸುರುಳಿಯಾಗಿ. ಪಾಟೀಲ ಸಾಹೇಬರು ರೋಗ ಎಂದರು. ಮೈಲುತುತ್ತದ ಔಷಧ ಹೊಡೆಯಿರಿ, ಕಡಿಮೆಯಾಗದಿದ್ದರೆ ಕಿತ್ತುಹಾಕಿ ಎಂದರು. ಕಾಕಾ ಕೈಕಟ್ಟಿ ನಿಂತು, 'ಹೊಡೀತೇನ್ರಿ' ಎಂದರು. ಔಷಧ ಕಲಸಿ ದಾಳಿಂಬೆಗೆ ಹೊಡೆದು ಬಂದರು. ನೇರವಾಗಿ ಇಲ್ಲ ಎನ್ನದೆ ಇಲ್ಲ ಎನ್ನುವುದು ನಮ್ಮ ವೃತ್ತಿಯ ಅರ್ಧ ವಿದ್ಯೆ.

ಆ ಮಡಿಕೆಯ ನಡುವಿನಿಂದ ಒಮ್ಮೊಮ್ಮೆ ಹಳೆಯ ತರದ ನೆಟ್ಟನೆಯ ಕೊಂಬೆ ಏಳುತ್ತಿತ್ತು. ಅದನ್ನು ಬಿಟ್ಟರೆ ಗಿಡದ ಶಕ್ತಿಯನ್ನೆಲ್ಲ ಅದೇ ನುಂಗಿ ತುರಾಯಿ ಸೊರಗುತ್ತದೆ. ಕಾಕಾ ಕಂಡಕೂಡಲೇ ಚಾಕುವಿನಿಂದ ತೆಗೆಯುತ್ತಿದ್ದರು. ತುರಾಯಿ ಎಂಬುದು ಕಾಕಾ ಕೊಟ್ಟ ಹೆಸರು, ಮದುಮಗನ ರುಮಾಲಿನ ತುರಾಯಿಯ ಹಾಗೆ ಇತ್ತಲ್ಲ. ಮೂರು ವರ್ಷಕ್ಕೆ ಅದು ಬಿಚ್ಚಿದ ಅಂಗೈ ಎರಡನ್ನು ಜೋಡಿಸಿದಷ್ಟು ಅಗಲವಾಯಿತು.

ಆಮೇಲೆ ಸಾಹೇಬರು ಯಾವುದೋ ಪುಸ್ತಕದಲ್ಲಿ ಇಂಥದೇ ಗಿಡದ ಚಿತ್ರ ನೋಡಿದರು. ಅವತ್ತಿನಿಂದ ರೋಗ ಹೋಗಿ ಅಪರೂಪ ಆಯಿತು. ಫೋಟೋ ತೆಗೆಸಿ ಬೆಂಗಳೂರಿಗೆ ಕಳಿಸಿದರು. ದಾಸ್ತಾನು ಪುಸ್ತಕದಲ್ಲಿ ಅಜ್ಜನ ಹೆಸರು ಕೆಂಪು ಶಾಯಿಯಲ್ಲಿ ಬಿತ್ತು. ಬೆಂಗಳೂರಿನಿಂದ ಉತ್ತರ ಬಂತು: ದೊಡ್ಡ ಸಾಹೇಬರೇ ಬಂದು ನೋಡುತ್ತಾರೆ, ಇದನ್ನು ಬೆಳೆಸಿದ ಮಾಲಿಯನ್ನು ಕಾಯಂ ಮಾಡುವ ಕಡತವಿದ್ದರೆ ಸಿದ್ಧವಾಗಿಡಿ, ಅಲ್ಲೇ ಸಹಿ ಮಾಡುತ್ತಾರೆ.

ಕಾಕಾ ಅಲ್ಲಿ ಹದಿನೆಂಟು ವರ್ಷ ದಿನಗೂಲಿ ಮಾಡಿದ್ದರು. ಕಾಯಂ ಆಗಲು ವಯಸ್ಸಿನ ಮಿತಿಯಿತ್ತು. ಆ ವರ್ಷ ತಪ್ಪಿದರೆ ಮುಗಿಯಿತು, ಮತ್ತೆ ಕಡತ ಏಳುವುದಿಲ್ಲ ಎಂದು ಗುಮಾಸ್ತ ಕುಲಕರ್ಣಿಯವರು ಹೇಳಿದ್ದರು. ಕಾಕಾ ಆ ವಾರ ಎರಡು ಸಲ ಗಡ್ಡ ಟ್ರಿಮ್ ಮಾಡಿಸಿಕೊಂಡರು.

ಈಗ ನನ್ನ ಪಾತ್ರ. ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಕಾಕಾ ಕುಂಡ ತರಲು ಕೆರೂರಿನ ಸಂತೆಗೆ ಹೋದರು. ಪಾಟೀಲ ಸಾಹೇಬರು ಅಜ್ಜನ ಸುತ್ತ ಒಂದು ಸುತ್ತು ಬಂದು, 'ಮಾಳಪ್ಪಾ, ಕೆಂಪು ಧೂಳಿಗೆ ಉಣ್ಣಿ ಎಲ್ಲಾ ಹೊಲಸಾಗೇತಿ. ಸ್ವಚ್ಛ ಮಾಡಿಬಿಡು' ಎಂದು ಹೇಳಿ ಒಳಗೆ ಹೋದರು. ಹೇಗೆ ಎಂದು ಹೇಳಲಿಲ್ಲ. ಕುರುಬರ ಮನೆಯ ಹುಡುಗನಿಗೆ ಉಣ್ಣೆ ಸ್ವಚ್ಛ ಮಾಡುವುದು ಯಾರು ಹೇಳಿಕೊಡಬೇಕು? ಹೊಲಸಾದ ಉಣ್ಣೆಯನ್ನು ಕತ್ತರಿಸಬೇಕು. ಕೆಳಗಿನಿಂದ ಬೆಳ್ಳಗೆ ಹೊಸದು ಬರುತ್ತದೆ. ಅಪ್ಪ ವರ್ಷಕ್ಕೆ ಎರಡು ಸಲ ಹಾಗೇ ಮಾಡುತ್ತಿದ್ದ. ಮನೆ ಹತ್ತಿರವೇ. ಹೋಗಿ ಕುರಿ ಕತ್ತರಿ ತಂದೆ. ಕೈಗೆ ಮುಳ್ಳು ಚುಚ್ಚಿದರೂ ಬಿಡದೆ, ಕುರಿಗೆ ಹೇಳುವಂತೆ ಹೋ ಹೋ ಎನ್ನುತ್ತಾ, ಬುಡದಿಂದ ತುರಾಯಿಯ ಅಂಚಿನವರೆಗೂ ಕತ್ತರಿಸಿದೆ. ಉಣ್ಣೆಯನ್ನು ಬುಟ್ಟಿಗೆ ತುಂಬಿದೆ. ಕೆಲಸದ ಅಚ್ಚುಕಟ್ಟುತನ ನೋಡಿ ನನಗೇ ಹೆಮ್ಮೆ.

ಮಧ್ಯಾಹ್ನ ಕಾಕಾ ಬಂದರು. ಕುಂಡದ ಗಾಡಿ ನಿಂತಲ್ಲೇ ನಿಂತಿತು. ಹಸಿರು, ಬೋಳು, ಗುಳಿಬಿದ್ದ ಅಜ್ಜನನ್ನು ನೋಡಿ ನನ್ನ ಹತ್ತಿರ ಬಂದರು.

'ಕೈ ತೋರಸು' ಎಂದರು. ತೋರಿಸಿದೆ. ಚಿಮಟದಿಂದ ಒಂದೊಂದೇ ಮುಳ್ಳು ತೆಗೆಯುತ್ತಾ ಮಾತಾಡಿದರು. 'ಮಾಳ್ಯಾ, ಇದು ಕುರಿ ಅಲ್ಲಲೇ. ಇದರ ಉಣ್ಣಿ ಬೆಳಿಯೂ ತುದಿಯಾಗ ಅಷ್ಟ ಹುಟ್ಟತೈತಿ. ಹಳೇ ಮೈಮ್ಯಾಲೆ ಒಂದ ಸಲ ಹ್ವಾದ್ರ ಹ್ವಾತು.'

'ನಾಳಿಗೆ ಬರಂಗಿಲ್ಲೇನ್ರಿ ಕಾಕಾ?'

'ನಾಳಿಗೆ ಬರೂದು ದೊಡ್ಡ ಸಾಹೇಬ್ರು.'

ಅವರು ಮೊದಲು ಮಾಡಿದ ಕೆಲಸ, ನಾಲ್ಕು ಕೋಲು ನೆಟ್ಟು ಗೋಣಿ ಕಟ್ಟಿ ಅಜ್ಜನಿಗೆ ನೆರಳು ಮಾಡಿದ್ದು. ಉಣ್ಣೆ ಅದರ ಕೊಡೆ. ಅದಿಲ್ಲದೆ ನಮ್ಮ ಬಿಸಿಲಿಗೆ ನಿಂತರೆ ಮೈ ಸುಟ್ಟುಹೋಗುತ್ತದೆ. ಕಡತದ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ತಪ್ಪು ಮಾಡಿದವನ ತಲೆಯಲ್ಲಿ ಉಪಾಯ ಬೇಗ ಹುಟ್ಟುತ್ತದೆ. ಕತ್ತರಿಸಿದ ಉಣ್ಣೆ ಮಣ್ಣು ಹಿಡಿದು ಮುದ್ದೆಯಾಗಿತ್ತು. ಆದರೆ ಮನೆಯಲ್ಲಿ ಬಿಳಿ ಕುರಿಯುಣ್ಣೆ ಇತ್ತು. ಕಂಬಳಿ ಬಿರುಸಾಗಲು ಹಚ್ಚುವ ಹುಣಸೆಬೀಜದ ಅಂಟೂ ಇತ್ತು. 'ಅಂಟಿಸಿಬಿಡೋಣ್ರಿ' ಎಂದೆ. ಕಾಕಾ, 'ಬ್ಯಾಡ. ಆದದ್ದು ಆತು, ಇದ್ದಂಗ ಹೇಳೂಣು' ಎಂದರು. ಅಷ್ಟರಲ್ಲಿ ಹೊರಗೆ ಬಂದ ಪಾಟೀಲ ಸಾಹೇಬರ ಮುಖ ಸುಣ್ಣವಾಗಿತ್ತು. ಹುದ್ದೆಯಲ್ಲಿ ಮೊದಲ ಸಲ ಅವರು 'ನೋಡೋಣು' ಎನ್ನಲಿಲ್ಲ. 'ಅಂಟಸು' ಎಂದರು.

ಅವ್ವನ ಹತ್ತಿರ ಉಣ್ಣೆ ಕೇಳಿದಾಗ ಅವಳು, 'ಬೀರಪ್ಪಗ ಅಂತ ತಗದಿಟ್ಟಿದ್ದು ಅದು. ಯಾರಿಗೆ ಬೇಕು?' ಎಂದಳು.

'ಒಬ್ಬ ಅಜ್ಜಗ ಬೇಕವ್ವಾ. ಥಂಡಿ ಆಗೇತಿ.'

'ಯಾರೋ ಏನೋ ಪಾಪ' ಎಂದು ಕೊಟ್ಟಳು.

ಬೆಳಿಗ್ಗೆ ಎದ್ದು ಅಂಟಿಸಿದೆ. ದೂರದಿಂದ ಅಜ್ಜ ಮೊದಲಿಗಿಂತ ಚೆನ್ನಾಗಿದ್ದ. ಹತ್ತಿರದಿಂದ ಅಮಾವಾಸ್ಯೆಯ ಬಯಲಾಟಕ್ಕೆ ಬಣ್ಣ ಹಚ್ಚಿಕೊಂಡ ಋಷಿಯ ಹಾಗಿದ್ದ, ಗಡ್ಡ ಸ್ವಲ್ಪ ಓರೆ.

ಹತ್ತು ಗಂಟೆಗೆ ಜೀಪು ಬಂತು. ದೊಡ್ಡ ಸಾಹೇಬರು ಎತ್ತರದವರು, ಬೆಂಗಳೂರು ಕಡೆಯ ಮಾತು. ನಮ್ಮ ಅಂಜಿಕೆಗೆ ಸರಿಯಾಗಿ, ಕಳ್ಳಿಗಳನ್ನು ಚೆನ್ನಾಗಿ ಬಲ್ಲವರು. ಸೀದಾ ಅಜ್ಜನ ಬಳಿ ಹೋದರು. ಅಂಟಿನ ವಾಸನೆಗೆ ಅಷ್ಟೊತ್ತಿಗೆ ಇರುವೆಗಳು ಸಾಲು ಹಿಡಿದು ಬುಡದಿಂದ ತುರಾಯಿಗೆ ಯಾತ್ರೆ ಹೊರಟಿದ್ದವು. ಸಾಹೇಬರು ಬಗ್ಗಿದರು. ಮೂಸಿದರು.

'ಏನ್ರೀ ಪಾಟೀಲ್, ಈ ಗಿಡ ಕುರಿ ವಾಸನೆ ಬರ್ತಿದೆ?'

'ಸುತ್ತ ಎಲ್ಲಾ ಕುರಿ ಅದಾವ್ರಿ ಸರ್. ಗಾಳಿ ಆ ಕಡಿಂದ...'

ದೊಡ್ಡ ಸಾಹೇಬರು ಎರಡು ಬೆರಳಲ್ಲಿ ಉಣ್ಣೆ ಹಿಡಿದು ಎಳೆದರು. ಎದೆಯ ಭಾಗ ಪೂರ್ತಿ ಕಳಚಿ ಅವರ ಕೈಗೆ ಬಂತು, ಬೆರಳಿಗೆ ಅಂಟಿಕೊಂಡಿತು. ಕೊಡವಿದರು, ಹೋಗಲಿಲ್ಲ. ಇನ್ನೊಂದು ಕೈಯಿಂದ ತೆಗೆಯಹೋದರು, ಅದಕ್ಕೂ ಅಂಟಿತು. ಎರಡೂ ಕೈಗೆ ಬಿಳಿ ಉಣ್ಣೆ ಮೆತ್ತಿಕೊಂಡು ಅವರು ನಮ್ಮ ಕಡೆ ತಿರುಗಿದಾಗ, ದೇವರಾಣೆ, ನಾನು ನಗಲಿಲ್ಲ. ಡ್ರೈವರ್ ನಕ್ಕ.

'ಯಾರು ಮಾಡಿದ್ದು ಇದು?'

ನಾನು ಮುಂದೆ ಬಂದೆ. ನನ್ನ ಸ್ವಂತ ದನಿಯಲ್ಲೇ ಹೇಳಬೇಕೆಂದು ಬಾಯಿ ತೆರೆದೆ. ಹೆದರಿಕೆಗೆ ಹೊರಬಂದದ್ದು ಪಾಟೀಲ ಸಾಹೇಬರ ಮೂಗು: 'ಸರ್, ಕತ್ತರಿಸಿದಾಂವಾ ನಾನರಿ, ಅಂಟಿಸಿದಾಂವಾನೂ ನಾನರಿ.' ದೊಡ್ಡ ಸಾಹೇಬರು ಪಾಟೀಲರನ್ನು ನೋಡಿದರು, ನನ್ನನ್ನು ನೋಡಿದರು. 'ಅಣಕಿಸ್ತೀಯೇನೋ?' ಎಂದು ಗುಡುಗಿದರು. ಇಪ್ಪತ್ತು ಜನರ ದನಿ ಕಲಿತವನಿಗೆ ತನ್ನದು ಬೇಕಾದಾಗ ಸಿಗಲಿಲ್ಲ ನೋಡಿ.

ಅವರು ಕಚೇರಿಗೆ ನಡೆದು ಕುರ್ಚಿಯಲ್ಲಿ ಕೂತರು. ಸೀಮೆಎಣ್ಣೆ ಹಚ್ಚಿ ಕೈ ಒರೆಸಿಕೊಂಡರು. ಮೇಜಿನ ಮೇಲೆ ಕಾಕಾನ ಕಡತ ಇತ್ತು, ಸಹಿಯ ಜಾಗಕ್ಕೆ ಕುಲಕರ್ಣಿಯವರು ಪೆನ್ಸಿಲಿನಿಂದ ಗುರುತು ಹಾಕಿದ್ದರು. ಅದನ್ನು ಪಕ್ಕಕ್ಕೆ ತಳ್ಳಿದರು.

'ಹುಸೇನ್‌ಸಾಬ್, ನೀವು ಇಲ್ಲಿ ಹಿರಿಯ ಮಾಲಿ. ನಿಮ್ಮ ಕೈಕೆಳಗಿನ ಹುಡುಗ ದಾಖಲೆಯಲ್ಲಿರೋ ಗಿಡ ಹಾಳುಮಾಡಿದ್ದಾನೆ. ಜವಾಬ್ದಾರಿ ನಿಮ್ಮದು. ಕಾಯಂ ಮಾತು ಬಿಡಿ, ಮೊದಲು ನಿಮಗೊಂದು ಮೆಮೊ ಕೊಡಬೇಕು. ಕುಲಕರ್ಣಿ, ಬರ್ಕೊಳ್ಳಿ.'

ಕುಲಕರ್ಣಿಯವರು ಬರೆದುಕೊಳ್ಳಲಿಲ್ಲ. ಕೆಮ್ಮಿದರು. 'ಸರ್, ಅವರಿಗೆ ಮೆಮೊ ಕೊಡಾಕ ಬರಂಗಿಲ್ರಿ.'

'ಯಾಕೆ?'

'ದಿನಗೂಲಿರಿ. ನೌಕರದಾರರ ಪಟ್ಟಿಯೊಳಗ ಹೆಸರ ಇಲ್ಲ. ಇಲ್ಲದಾಂವಗ ಹ್ಯಾಂಗ ಕೊಡೂದ್ರಿ?'

'ಹಾಗಾದ್ರೆ ಈ ಹುಡುಗನಿಗೆ?'

'ಅಂವಾನೂ ದಿನಗೂಲಿರಿ.'

'ಕೆಂಪು ಶಾಯೀಲಿ ಬರೆದ ಗಿಡ ಹಾಳಾಗಿದೆ ಕಣ್ರೀ! ಯಾರ ಮೇಲಾದ್ರೂ ಬರೀಲೇಬೇಕಲ್ಲ?'

ಕುಲಕರ್ಣಿಯವರು ಪಾಪದ ಮುಖ ಮಾಡಿ, 'ಪಟ್ಟಿಯೊಳಗ ಇರಾವ್ರು ಪಾಟೀಲ ಸಾಹೇಬ್ರು, ನಾನು. ಆಮ್ಯಾಲೆ ಆ ಗಿಡಾ' ಎಂದರು. ಪಾಟೀಲ ಸಾಹೇಬರು ಗೋಡೆ ಹಿಡಿದುಕೊಂಡರು.

ದೊಡ್ಡ ಸಾಹೇಬರು ಪೆನ್ನು ತೆರೆದು ಹಿಡಿದು ಕಾಕಾನ ಕಡೆ ನೋಡಿದರು. 'ಏನ್ರೀ, ಹದಿನೆಂಟು ವರ್ಷ ಕೆಲಸ ಮಾಡಿದ್ದೀರಿ. ನಿಮಗೇನಾದ್ರೂ ಹೇಳೋದಿದೆಯಾ?'

ಕಾಕಾ ಹೇಳಿದರು. ಅದಾದ ಮೇಲೆ ಮಾತಾಡಲು ಯಾರಿಗೂ ಏನೂ ಉಳಿಯಲಿಲ್ಲ, ಈ ಬರಹದಲ್ಲಿ ನನಗೂ ಉಳಿಯುವುದಿಲ್ಲ. ಆದ್ದರಿಂದ ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಸಾಹೇಬರು ಮೊದಲು ಮೀಸೆಯೊಳಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಳ್ಳಿದ್ದ ಕಡತವನ್ನು ಎಳೆದು ಪೆನ್ಸಿಲ್ ಗುರುತಿದ್ದಲ್ಲಿ ಸಹಿ ಹಾಕಿದರು. ಯಾರಿಗೂ ಮೆಮೊ ಬರಲಿಲ್ಲ. ಕಾಕಾನ ಆದೇಶ ಆ ಮಳೆಗಾಲದೊಳಗೇ ಬಂತು. ಅಜ್ಜನ ಮೈ ಕೆಳಗೆಲ್ಲ ಕಂದುಬಣ್ಣಕ್ಕೆ ತಿರುಗಿ ತೊಗಟೆಯಂತಾಯಿತು, ಉಣ್ಣೆ ಮರಳಿ ಬರಲಿಲ್ಲ. ತುರಾಯಿಯ ಅಂಚಿನಲ್ಲಿ ಮಾತ್ರ ಹೊಸದು ಬೆಳ್ಳಗೆ ಮೂಡಿ, ವರ್ಷದಿಂದ ವರ್ಷಕ್ಕೆ ಅಗಲವಾಯಿತು. ನೆಟ್ಟನೆಯ ಕೊಂಬೆ ಎದ್ದಾಗ ತೆಗೆಯುವ ಚಾಕು ಕಾಕಾ ನನ್ನ ಕೈಗೆ ಕೊಟ್ಟರು. ಕತ್ತರಿ ಕೊಡಲಿಲ್ಲ.

ಆ ದಿನ ಅವರು ಟೋಪಿ ಸರಿಮಾಡಿಕೊಂಡು, ಗಿಡಕ್ಕೆ ಎಷ್ಟು ನೀರು ಹಾಕಬೇಕೆಂದು ಹೇಳುವ ದನಿಯಲ್ಲೇ ಹೇಳಿದ್ದು ಇಷ್ಟು:

'ಸಾಹೇಬ್ರ, ಕಾಯಂ ಇಲ್ಲದಾಂವಗ ಶಿಕ್ಷಾ ಕೊಡಾಕ ಬರಂಗಿಲ್ಲ ಅಂದ್ರ, ಮೊದಲ ಕಾಯಂ ಮಾಡ್ರಿ. ಆಮ್ಯಾಲೆ ಎಷ್ಟ ಬೇಕೋ ಅಷ್ಟ ಮೆಮೊ ಕೊಡ್ರಿ. ಒಂದೂ ಬ್ಯಾಡ ಅನ್ನಂಗಿಲ್ಲ, ಎಲ್ಲಾಕೂ ಹೆಬ್ಬಟ್ಟ ಒತ್ತತೇನಿ.'